ಆಶ್ರಯ ಕೇಂದ್ರ ತುಂಬುವುದು ಮನೆಗಳಲ್ಲಿ ಹುಟ್ಟಿದ ಮರಿಗಳಿಂದಲೂ

ಮಾನ್ಯ ಸಂಪಾದಕರೇ,

ಬೀದಿನಾಯಿಗಳ ಬಗ್ಗೆ ಇಷ್ಟು ಚರ್ಚೆ ನಡೆಯುತ್ತಿದ್ದರೂ ಸಾಕಿದವರ ಮನೆಯಿಂದ ಹೊರಬೀಳುವ ನಾಯಿ, ಬೆಕ್ಕುಗಳ ಮಾತು ಯಾರೂ ಎತ್ತುತ್ತಿಲ್ಲ. ಬೆಂಗಳೂರಿನ ಗಣತಿಯಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು. ಆದರೂ ಆಶ್ರಯ ಕೇಂದ್ರಗಳಲ್ಲಿ ಜಾಗವಿಲ್ಲ.

ಬೆಳಿಗ್ಗೆ ಗೇಟು ತೆಗೆದರೆ ರಟ್ಟಿನ ಪೆಟ್ಟಿಗೆ. ಒಳಗೆ ಹಳೇ ಟವೆಲ್ ಮೇಲೆ ನಾಲ್ಕೈದು ಮರಿ, ಹೆಚ್ಚಿನ ಸಲ ಎಲ್ಲವೂ ಹೆಣ್ಣು. ಗಂಡುಮರಿಗಳನ್ನು ಅಕ್ಕಪಕ್ಕದವರು ಕೇಳಿ ಒಯ್ದಿರುತ್ತಾರೆ. ಕಣ್ಣು ಬಿಟ್ಟಿಲ್ಲ ಎಂದರೆ ಎರಡು ವಾರ ತುಂಬಿಲ್ಲ. ಆ ವಯಸ್ಸಿನಲ್ಲಿ ಮೈ ಬಿಸಿ ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ತಣ್ಣಗಾದ ಮರಿಗೆ ಕರುಣೆಯಿಂದ ತಕ್ಷಣ ಹಾಲು ಹಾಕಿದರೆ ಅರಗುವುದಿಲ್ಲ, ಶ್ವಾಸಕೋಶಕ್ಕೆ ಹೋಗಿ ಜೀವವೂ ಹೋಗಬಹುದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೊದಲು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಆಮೇಲೆ 2–3 ಗಂಟೆಗೊಮ್ಮೆ ನಾಯಿಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕದಡಿ ಕುಡಿಸಬೇಕು, ಒದ್ದೆ ಹತ್ತಿಯಿಂದ ಒರೆಸಿ ಮೂತ್ರ ಮಾಡಿಸಬೇಕು. ಅಲ್ಲಿಗೆ ಒಬ್ಬರ ಹಗಲು ರಾತ್ರಿ ಎರಡೂ ಮುಗಿದವು.

ಲೆಕ್ಕ ಸರಳ. ದಿನಕ್ಕೆ 2 ಪ್ರಾಣಿ ಬಂದು, ಪ್ರತಿಯೊಂದೂ ಸರಾಸರಿ 30 ದಿನ ಉಳಿದರೆ ಕೇಂದ್ರದಲ್ಲಿ ಯಾವಾಗಲೂ 60 ಇರುತ್ತವೆ. ದತ್ತು ಹೋಗುವುದು ನಿಧಾನವಾಗಿ ಅದೇ 45 ದಿನವಾದರೆ 90. ಗೂಡು ತೊಳೆಯಲು 9 ನಿಮಿಷ, ಊಟಕ್ಕೆ 6 ನಿಮಿಷ, ಒಟ್ಟು 15 ನಿಮಿಷವಾದರೂ ಪ್ರತಿ ಪ್ರಾಣಿಗೆ ದಿನಾ ಬೇಕು. 60ಕ್ಕೆ 15 ಗಂಟೆ, ಅಂದರೆ ಇಬ್ಬರ ಪೂರ್ತಿ ಕೆಲಸ. 90 ಆದಾಗ ಮೂರನೆಯವರಿಗೆ ಸಂಬಳ ಇರುವುದಿಲ್ಲ. ಆಗ ಮೊದಲು ಕೈಬಿಡುವುದು ಶುಚಿತ್ವ, ನಂತರ ಹೊಸದಾಗಿ ಬಂದವನ್ನು 14 ದಿನ ಬೇರೆ ಇಡುವ ಪದ್ಧತಿ.

ನಾಯಿಮರಿಗಳ ಜೀವ ತೆಗೆಯುವ ಪಾರ್ವೋ ಎಂಬ ವೈರಾಣು ರೋಗ ನುಗ್ಗುವುದು ಆ ಸಂದಿನಲ್ಲೇ. ಸೋಂಕು ತಗುಲಿದ ಮರಿ 3–7 ದಿನ ಆಡಿಕೊಂಡೇ ಇರುತ್ತದೆ, ಆಮೇಲೆ ವಾಂತಿ, ರಕ್ತಭೇದಿ. ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ವಾಸನೆಯ ಫಿನಾಯಿಲ್ ಅದನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ, ಬೆಕ್ಕುಗಳಿಗಂತೂ ಫಿನಾಯಿಲ್ ವಿಷ. ಮಲವನ್ನೆಲ್ಲ ಮೊದಲು ಸೋಪಿನಿಂದ ತೊಳೆದು, 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹಾಕಿ, 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ಮತ್ತೆ ತೊಳೆಯಬೇಕು. ಮಲದ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಅಲ್ಲೇ ಕಳೆದುಹೋಗುತ್ತದೆ.

ಇದನ್ನೆಲ್ಲ ತಡೆಯುವ ಜಾಗ ಮಾಲೀಕರ ಮನೆ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತದೆ, ಮರಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಅದಕ್ಕೆ 5 ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಬೇಕು. ನಾಯಿ ಸಾಮಾನ್ಯವಾಗಿ 6 ತಿಂಗಳ ನಂತರ ಬೆದೆಗೆ ಬರುತ್ತದೆ. ದೊಡ್ಡ ತಳಿಯಾದರೆ ಮೂಳೆ ಬೆಳೆಯುವವರೆಗೆ ಕಾಯಬೇಕೇ ಎಂದು ಪಶುವೈದ್ಯರನ್ನು ಕೇಳಿ. ಬೆದೆಯ ಸಮಯದಲ್ಲಿ ರಕ್ತನಾಳ ಉಬ್ಬಿರುವುದರಿಂದ ರಕ್ತಸ್ರಾವ ಹೆಚ್ಚು. ಅದು ಮುಗಿದು ಎರಡು ಮೂರು ತಿಂಗಳು ಬಿಟ್ಟು ಮಾಡಿಸುವುದು ಒಳ್ಳೆಯದು. ಮನೆಗೆ ಬಂದ ಮೇಲೆ 10–14 ದಿನ ಗಾಯ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿಡಿ, ಸ್ನಾನ ಮಾಡಿಸಬೇಡಿ. ಗಂಡಿಗೆ ಮಾಡಿಸಿದ ಮೇಲೂ ಒಂದು ತಿಂಗಳಾದರೂ ಹೆಣ್ಣಿನಿಂದ ದೂರವಿಡಿ, ಉಳಿದ ವೀರ್ಯದಿಂದ ಗಬ್ಬ ನಿಲ್ಲಬಹುದು.

‘ಒಂದು ಸಲ ಮರಿ ಹಾಕಲಿ, ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತಿಗೆ ಆಧಾರವಿಲ್ಲ. ಬೆದೆ ತಡೆಯುವ ಇಂಜೆಕ್ಷನ್ ಅಂತೂ ಇನ್ನೂ ಅಪಾಯ. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬಿ, ಕೊನೆಗೆ ಜೀವ ಉಳಿಸಲು ಅದೇ ಶಸ್ತ್ರಚಿಕಿತ್ಸೆಯನ್ನು ರೋಗಿಷ್ಟ ನಾಯಿಗೆ ಮಾಡಬೇಕಾಗಬಹುದು.

ಕಾನೂನಿನ ಸ್ಥಿತಿ ನೋವು ತರಿಸುವಂಥದ್ದು. ಸಾಕುಪ್ರಾಣಿಯ ಸಂತಾನಹರಣ, ಲಸಿಕೆಗೆ ಮಾಲೀಕರೇ ಹೊಣೆ ಎಂದು 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮ ಹೇಳುತ್ತದೆ. ಆದರೆ ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋದವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೊದಲ ಸಲಕ್ಕೆ ವಿಧಿಸುವ ದಂಡ 10ರಿಂದ 50 ರೂಪಾಯಿ. 8 ವಾರ ತುಂಬದ ಮರಿ ಮಾರಬಾರದು, ಬ್ರೀಡರ್ ನೋಂದಣಿ ಮಾಡಿಸಲೇಬೇಕು ಎಂದು 2017ರ ನಿಯಮವಿದ್ದರೂ ಮರಿ ಕೊಳ್ಳುವವರು ನೋಂದಣಿ ಪತ್ರ ಕೇಳುವುದೇ ಅಪರೂಪ. ಇದರ ಮೇಲೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದ ಬೀದಿನಾಯಿಗಳನ್ನು ವಾಪಸು ಬಿಡದೆ ಆಶ್ರಯ ಕೇಂದ್ರಕ್ಕೆ ಸೇರಿಸಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಅವಕ್ಕೂ ಗೂಡು ಬೇಕು.

ಪಶುಪಾಲನಾ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟು: ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಾರದಲ್ಲಿ ಒಂದು ದಿನವನ್ನು ಸಾಕುನಾಯಿ, ಬೆಕ್ಕುಗಳ ಸಂತಾನಹರಣಕ್ಕೆಂದೇ ಮೀಸಲಿಟ್ಟು, ಕಡಿಮೆ ದರವನ್ನು ಬಾಗಿಲಲ್ಲೇ ಬರೆದು ಹಾಕಲಿ. ಹೆಣ್ಣುಪ್ರಾಣಿಗೆ ಉಚಿತವಾಗಿ ಮಾಡಲಿ. ಶಿಬಿರ ನಡೆಸುವುದಾದರೆ ಜೂನ್, ಜುಲೈನಲ್ಲೇ ನಡೆಸಲಿ. ನಾಟಿ ನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲದ ಕೊನೆಗೆ, ಗಬ್ಬದ ಅವಧಿ ಸುಮಾರು 63 ದಿನ. ಜನವರಿಯಲ್ಲಿ ಶಿಬಿರ ಇಟ್ಟರೆ ಅಷ್ಟರಲ್ಲಿ ಪೆಟ್ಟಿಗೆಗಳು ಗೇಟಿನ ಮುಂದೆ ಬಂದಿರುತ್ತವೆ.

– ಪ್ರಾಣಿ ಆಶ್ರಯ ಕೇಂದ್ರವೊಂದರ ಪಶುವೈದ್ಯರು ಮತ್ತು ಸಿಬ್ಬಂದಿ, ಬೆಂಗಳೂರು