ಹಿತ್ತಿಲ ಬಾಗಿಲಿಗೆ ಚಿಲಕ ಹಾಕದ ಅಜ್ಜಿಗೆ, ಇನ್ನೂ ಕೆಲವರಿಗೆ

ಸಕಲೇಶಪುರ ಬಿಟ್ಟು ಮಗಳ ಜೊತೆ ಹಾಸನದ ಈ ಬಾಡಿಗೆ ಮನೆಗೆ ಬಂದು ಮೊನ್ನೆಗೆ ಒಂದು ವರ್ಷ ಆಯಿತು. ಥ್ಯಾಂಕ್ಸ್ ಹೇಳಬೇಕಾದವರು ಜಾಸ್ತಿ ಇದ್ದಾರೆ. ಎದುರಿಗೆ ನಿಂತರೆ ಅಳು ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಕಲೇಶಪುರದ ಪಕ್ಕದ ಮನೆ ಅಜ್ಜಿಗೆ. ಅವರು ಒಂದು ದಿನವೂ ಏನೂ ಕೇಳಲಿಲ್ಲ. ಸುಮ್ನೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವುದನ್ನು ನಿಲ್ಲಿಸಿದರು, ಅಷ್ಟೇ. ಕಾಫಿ ಕುಯ್ಲಿನ ಚಳಿಯಲ್ಲಿ ನಡುರಾತ್ರಿ ಮಗಳನ್ನು ಎತ್ತಿಕೊಂಡು ಎಷ್ಟು ಸಲ ಆ ಬಾಗಿಲು ತಳ್ಳಿದ್ದೇನೋ, ಒಲೆ ಪಕ್ಕ ಕಂಬಳಿ ಹಾಸಿಯೇ ಇರುತ್ತಿತ್ತು.

ನನ್ನ ಗಂಡ ಕುಡಿಯುತ್ತಿರಲಿಲ್ಲ. ಅದಕ್ಕೇ ಯಾರೂ ನಂಬುತ್ತಿರಲಿಲ್ಲ. ಪಿಕಪ್ ಓಡಿಸಿ ಓಡಿಸಿ ಸೊಂಟ ನೋವು ಅಂತ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಶುರು ಮಾಡಿದರು, ಆಮೇಲೆ ನೋವಿಲ್ಲದಿದ್ದರೂ ಬೇಕಾಯಿತು. 2018ರಲ್ಲೇ ಅದನ್ನು ಮಾದಕವಸ್ತು ಕಾನೂನಿನ ಕೆಳಗೆ ತಂದಿದ್ದಾರಂತೆ, ನನಗೆ ಗೊತ್ತಾಗಿದ್ದು ಎಲ್ಲ ಆದಮೇಲೆ. ಮಾತ್ರೆ ನುಂಗಿದ ದಿನ ಮೆತ್ತಗಿರುತ್ತಿದ್ದರು. ಸಿಗದ ದಿನವೇ ಕಷ್ಟ. ಆಕಳಿಕೆ, ಮೂಗು ಸೋರುವುದು, ಮೈಕೈ ನೋವು, ಆಮೇಲೆ ದುಡ್ಡು ಕೊಡು ಅನ್ನುವುದು, ಆಮೇಲೆ ಕೈ. ಆ ಆಕಳಿಕೆ ಕೇಳಿದರೆ ಸಾಕು, ಮಗಳು ಹೋಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದ ಮೇಡಂಗೆ. "ಮಾತ್ರೆ ಬಿಟ್ಟರೆ ಸರಿ ಹೋಗ್ತಾರೆ ಮೇಡಂ" ಅಂದೆ. "ಮಾತ್ರೆ ಸಿಗದ ದಿನ ಗಾಡಿ ಓನರ್‌ಗೂ ಹೊಡೀತಾರಾ?" ಅಂದರು. ಇಲ್ಲ. ಓನರ್ ಮುಂದೆ ಕೈಕಟ್ಟಿ ನಿಂತು ಅಡ್ವಾನ್ಸ್ ಕೇಳುತ್ತಿದ್ದರು. ನನಗೆ ಅಲ್ಲಿವರೆಗೂ ಇದು ಹೊಳೆದೇ ಇರಲಿಲ್ಲ ನೋಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಗಂಡನನ್ನು ಜೈಲಿಗೆ ಹಾಕಿಸದೆಯೂ ರಕ್ಷಣೆ ಆದೇಶ, ಖರ್ಚಿಗೆ ದುಡ್ಡು ಕೇಳಬಹುದು ಅಂತ ಹೇಳಿ ಅರ್ಜಿ ಬರೆಸಿದ್ದೂ ಅವರೇ.

ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ವಿಚಾರಿಸಿದ ಮೈದುನನಿಗೂ ಥ್ಯಾಂಕ್ಸ್.

ಅತ್ತೆಗೂ. ಮೊದಲು ನನಗೇ ಬೈದಿದ್ದರು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಮಗನ ಹಾಸಿಗೆ ಕೆಳಗಿದ್ದ ಖಾಲಿ ಮಾತ್ರೆ ಸ್ಟ್ರಿಪ್‌ಗಳನ್ನು ಸೆರಗಲ್ಲಿ ಕಟ್ಟಿಕೊಂಡು ಬಂದು ಮೇಡಂ ಟೇಬಲ್ ಮೇಲೆ ಸುರಿದವರು ಅವರೇ.

ಗಂಡ ಈಗ ಚಿಕಿತ್ಸೆಯಲ್ಲಿದ್ದಾರೆ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಔಷಧಿ ಕೊಡುತ್ತಾರೆ. ಟ್ರಮಡಾಲ್ ಬಿಟ್ಟು ಎಂಟು ತಿಂಗಳು. ನಿಜವಾಗಲೂ ಖುಷಿ ಇದೆ. ಹಾಗಾದರೆ ವಾಪಸ್ ಹೋಗಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹೋದ ಭಾನುವಾರ ಮಗಳನ್ನು ನೋಡಲು ಬಂದವರು ನಿದ್ದೆಗೆಟ್ಟಿದ್ದರೋ ಏನೋ, ಕೂತಲ್ಲೇ ಆಕಳಿಸಿದರು. ಮಗಳು ಬಾಗಿಲ ಹತ್ತಿರದ ಚಪ್ಪಲಿ ನೋಡಿದಳು.

ಸದ್ಯಕ್ಕೆ ಹೋಗಲ್ಲ.