ಮಯೋರ್ಕಾಕ್ಕೆ ಹೊರಟಿದ್ದೀರಾ? ಬೀಚಿಗೆ ಸ್ವಲ್ಪ ಬೆನ್ನು ಹಾಕಿ

ಈ ಸಲದ ಸಂಪಾದಕೀಯ ಭಾಷೆಯ ಬಗ್ಗೆ ಅಲ್ಲ, ಚಂದಾ ಬಾಕಿ ಇಟ್ಟುಕೊಂಡವರ ಬಗ್ಗೆಯೂ ಅಲ್ಲ. (ಆ ಪಟ್ಟಿ ಕೊನೆಯ ಪುಟದಲ್ಲಿದೆ, ಒಮ್ಮೆ ಕಣ್ಣಾಡಿಸಿ.) ಜರ್ಮನಿಯಲ್ಲಿ ಚಳಿ ಮುಗಿಯುತ್ತಾ ಬಂದ ಹಾಗೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ ಎದ್ದು ಬರುತ್ತದೆ: "ಮಯೋರ್ಕಾ ಹೇಗಿದೆ? ಮಕ್ಕಳಿಗೆ ಆಗುತ್ತಾ? ಊಟ ಸಿಗುತ್ತಾ?" ಉತ್ತರವೂ ಪ್ರತಿ ವರ್ಷ ಅದೇ. ಬೀಚ್ ಚೆನ್ನಾಗಿದೆ, ಹೋಟೆಲ್ ಚೆನ್ನಾಗಿದೆ, ಫೋಟೋ ನೋಡಿ. ಅಲ್ಲಿಗೆ ಮುಗೀತು. ಅಷ್ಟು ದೊಡ್ಡ ದ್ವೀಪಕ್ಕೆ ಹೋಗಿ ಹೋಟೆಲಿನ ಈಜುಕೊಳ ನೋಡಿಕೊಂಡು ಬರುವುದು ನನಗೇನೋ ಸಂಕಟ.

ಎಷ್ಟು ದೊಡ್ಡದು ಅಂದರೆ, ಸುಮಾರು 3,640 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತ ಸ್ವಲ್ಪ ಚಿಕ್ಕದು. ಸ್ಪೇನಿಗೆ ಸೇರಿದ ಬಾಲಿಯಾರಿಕ್ ದ್ವೀಪಗಳಲ್ಲಿ ಇದೇ ಹಿರಿಯದು, ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ ವಾಸ ಮಾಡುತ್ತಾರೆ, ರಾಜಧಾನಿ ಪಾಲ್ಮಾ. ಫ್ರಾಂಕ್‌ಫರ್ಟಿನಿಂದ ಎರಡು ಗಂಟೆ ಚಿಲ್ಲರೆ ಹಾರಾಟ. ಇಲ್ಲಿನ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟು ಮತ್ತು ಕಾರ್ಡು ಎರಡೂ ಜೇಬಿನಲ್ಲಿರಲಿ.

ದ್ವೀಪವನ್ನು ಅರ್ಥ ಮಾಡಿಕೊಳ್ಳಬೇಕು ಅಂದರೆ ಮೊದಲು ನೀರನ್ನು ಹಿಂಬಾಲಿಸಬೇಕು. ಕುಡಿಯುವ ನೀರು, ಸಮುದ್ರದ್ದಲ್ಲ. ಮಯೋರ್ಕಾದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವಾಯವ್ಯದ ಕರಾವಳಿಯುದ್ದಕ್ಕೂ ಸುಮಾರು 90 ಕಿಲೋಮೀಟರ್ ಸುಣ್ಣಕಲ್ಲಿನ ಬೆಟ್ಟಸಾಲು ನಿಂತಿದೆ, ಹೆಸರು ತ್ರಾಮುಂತಾನಾ. ಅದರ ಎತ್ತರದ ಶಿಖರ ಪುಯಿಗ್ ಮಜೋರ್ 1,400 ಮೀಟರ್ ದಾಟುತ್ತದೆ. ತುದಿಯಲ್ಲಿ ಸೇನೆಯ ರಾಡಾರ್ ಇರುವುದರಿಂದ ನಮ್ಮನ್ನು ಬಿಡುವುದಿಲ್ಲ. ಮಳೆ ಬಹುಪಾಲು ಈ ಗೋಡೆಗೇ ಸುರಿಯುತ್ತದೆ. ಬೆಟ್ಟದ ಮೇಲೆ ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಮಿಕ್ಕಿದರೆ ದಕ್ಷಿಣದ ತುದಿಯಲ್ಲಿ 400 ಆದರೆ ದೊಡ್ಡದು. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸವನ್ನು ಒಂದು ಗಂಟೆಯ ಕಾರ್ ಪ್ರಯಾಣಕ್ಕೆ ಇಳಿಸಿದ ಹಾಗೆ. ಹೋಟೆಲ್ ಕಂಪನಿಗಳ ಫೋಟೋಗಳೆಲ್ಲ ಒಣ ಕಡೆಯವು ಅನ್ನೋದನ್ನು ನೆನಪಿಡಿ. ಬಿಸಿಲು ಅಲ್ಲಿದೆ, ಮರಳು ಅಲ್ಲಿದೆ, ಸಹಜವಾಗಿ ನಾವೂ ಅಲ್ಲೇ ಇರುತ್ತೇವೆ.

ಶೋಪ್ಯಾನ್ ಕಥೆ ಗೊತ್ತಲ್ವಾ? ಸಂಗೀತಗಾರ, ಎದೆಯ ಕಾಯಿಲೆ. ಬೆಚ್ಚಗಿರುತ್ತದೆ ಅಂತ 1838ರ ಚಳಿಗಾಲಕ್ಕೆ ಲೇಖಕಿ ಜಾರ್ಜ್ ಸ್ಯಾಂಡ್ ಜೊತೆ ಬಂದವನು ಕೊನೆಗೆ ಉಳಿದುಕೊಂಡಿದ್ದು ಬೆಟ್ಟದ ಮೇಲಿನ ವಾಲ್ದೆಮೋಸಾ ಮಠದಲ್ಲಿ. ಮಳೆಯೋ ಮಳೆ. ಕಾಯಿಲೆ ಜಾಸ್ತಿ ಆಯಿತು, ಪ್ಯಾರಿಸ್‌ನಿಂದ ಕಳಿಸಿದ ಪಿಯಾನೋ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು, ಆಯಮ್ಮ ಆಮೇಲೆ ಊರವರನ್ನೆಲ್ಲ ಬೈದು ಬರೆದರು. ಇವತ್ತು ಅದೇ ಊರು ಅವರಿಬ್ಬರ ಹೆಸರಿನಲ್ಲಿ ಟಿಕೆಟ್ ಮಾರುತ್ತದೆ.

ಈಗ ಬೆಟ್ಟದ ವಿಷಯಕ್ಕೆ ಬರುತ್ತೇನೆ. ನನಗೆ ಮಯೋರ್ಕಾ ಅಂದರೆ ಇದೇ. ಅರಬರು 10ನೇ ಶತಮಾನದ ಶುರುವಿನಲ್ಲಿ ದ್ವೀಪ ಹಿಡಿದರು, 1229ರಲ್ಲಿ ಈಗಿನ ಸ್ಪೇನಿನ ಭಾಗವಾದ ಅರಗಾನಿನ ದೊರೆ ಒಂದನೇ ಜೌಮೆ ದಂಡೆತ್ತಿ ಬಂದು ಕಸಿದುಕೊಂಡ. ನಡುವಿನ ಆ ಮುನ್ನೂರು ವರ್ಷಗಳಲ್ಲಿ ಅರಬರು ಬೆಟ್ಟದ ನೀರನ್ನು ಕಾಲುವೆಗಳಲ್ಲಿ ಇಳಿಸಿ, ತೊಟ್ಟಿಗಳಲ್ಲಿ ತುಂಬಿಸಿ, ಮೆಟ್ಟಿಲು ಗದ್ದೆಗಳಿಗೆ ಹಾಯಿಸುವುದನ್ನು ಊರಿಗೇ ಕಲಿಸಿದರು. ಬಾನ್ಯಾಲ್ಬುಫಾರ್ ಅನ್ನುವ ಪುಟ್ಟ ಊರಿನಲ್ಲಿ ನಿಂತು ನೋಡಿದರೆ ಬೆಟ್ಟದ ನೆತ್ತಿಯಿಂದ ಸಮುದ್ರದ ಅಂಚಿನವರೆಗೂ ಪಾವಟಿಗೆ ಪಾವಟಿಗೆಯಾಗಿ ಹೊಲ ಇಳಿದಿದೆ. ಪ್ರತಿ ಹೊಲಕ್ಕೂ ಕಲ್ಲಿನ ಕಟ್ಟೆ. ಸಿಮೆಂಟ್ ಇಲ್ಲ, ಗಾರೆ ಇಲ್ಲ. ಹೊರಮುಖಕ್ಕೆ ದೊಡ್ಡ ಕಲ್ಲು ಒಂದಕ್ಕೊಂದು ಕಚ್ಚಿಸಿ ಕೂರಿಸುತ್ತಾರೆ, ಒಳಗೆ ಚಿಕ್ಕ ಕಲ್ಲು ತುಂಬುತ್ತಾರೆ. ಮಳೆ ನೀರು ಸಂದಿಯಿಂದ ಸೋರಿ ಹೋಗುತ್ತದೆ, ಮಣ್ಣು ಉಳಿಯುತ್ತದೆ. ಗಾರೆ ಹಾಕಿದ್ದರೆ ನೀರಿನ ಒತ್ತಡಕ್ಕೇ ಗೋಡೆ ಉರುಳುತ್ತಿತ್ತು. ಇಡೀ ತ್ರಾಮುಂತಾನಾ 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಇಂಥ ಕೆಲಸಕ್ಕೇ. ಮಕ್ಕಳು ಗೋಡೆ ಹತ್ತಲು ಹೊರಟರೆ ತಡೆಯಿರಿ, ಒಂದು ಕಲ್ಲು ಸಡಿಲ ಆದರೆ ಅದನ್ನು ಸರಿ ಮಾಡುವ ಕುಶಲಕರ್ಮಿಗಳು ಈಗ ಕಡಿಮೆ.

ಇನ್ನೂ ಮೇಲಕ್ಕೆ ನಡೆದರೆ ನೆಲದಲ್ಲಿ ಕಲ್ಲು ಕಟ್ಟಿದ ಆಳದ ಹೊಂಡಗಳು ಸಿಗುತ್ತವೆ. ಇವು ಹಿಮದ ಮನೆಗಳು. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲದ ಹಿಮವನ್ನು ಬಾಚಿ ಹೊಂಡಕ್ಕೆ ಹಾಕಿ, ಆಳುಗಳು ಒಳಗಿಳಿದು ಕಾಲಿನಲ್ಲಿ ತುಳಿದು ಗಟ್ಟಿ ಮಾಡಿ, ಪದರದ ಮೇಲೆ ಪದರಕ್ಕೆ ಕಾಡುಹುಲ್ಲು ಹಾಸಿ ಮುಚ್ಚುತ್ತಿದ್ದರು. ಬೇಸಿಗೆಯಲ್ಲಿ ಗಡ್ಡೆ ಗಡ್ಡೆಯಾಗಿ ಕತ್ತರಿಸಿ, ರಾತ್ರಿಯ ತಂಪಿನಲ್ಲಿ ಹೇಸರಗತ್ತೆ ಮೇಲೆ ಹೇರಿ ಪಾಲ್ಮಾಕ್ಕೆ ಇಳಿಸುತ್ತಿದ್ದರು. ಔಷಧಿಗೂ ಬೇಕಿತ್ತು, ಸಾಹುಕಾರರ ಶರಬತ್ತಿಗೂ ಬೇಕಿತ್ತು. 20ನೇ ಶತಮಾನದ ಶುರುವಿನವರೆಗೂ ಈ ವ್ಯಾಪಾರ ನಡೆಯಿತು. ಬೀಚಿನಲ್ಲಿ ಮೊಬೈಲ್ ನೋಡುತ್ತಾ ಕೂತ ನಮ್ಮ ಹದಿಹರೆಯದವರಿಗೆ ಇದನ್ನು ತೋರಿಸಿ, ಎರಡು ನಿಮಿಷವಾದರೂ ತಲೆ ಎತ್ತುತ್ತಾರೆ.

ಬೆಟ್ಟದ ಕಮರಿಗಳ ಮಡುಗಳಲ್ಲಿ ಒಂದು ಪುಟಾಣಿ ಕಪ್ಪೆ ಇದೆ, ಫೆರ್ರೆರೆತ್ ಅಂತ. ವಿಜ್ಞಾನಿಗಳಿಗೆ ಮೊದಲು ಸಿಕ್ಕಿದ್ದು ಅದರ ಪಳೆಯುಳಿಕೆ. ಅಳಿದೇ ಹೋಗಿದೆ ಅಂದುಕೊಂಡಿದ್ದರು, ಕೆಲವೇ ವರ್ಷಗಳಲ್ಲಿ ಜೀವಂತವಾಗಿ ಸಿಕ್ಕಿತು! ಮೊಟ್ಟೆಗಳನ್ನು ಗಂಡು ಕಪ್ಪೆಯೇ ಕಾಲಿಗೆ ಸುತ್ತಿಕೊಂಡು ಓಡಾಡುತ್ತದೆ. ಸಂಘದ ಅಪ್ಪಂದಿರ ಗಮನಕ್ಕೆ.

ಬೆಟ್ಟದಾಚೆಯ ಸೋಯೆರ್ ಊರಿಗೆ ಪಾಲ್ಮಾದಿಂದ 1912ರ ಮರದ ರೈಲಿದೆ. 27 ಕಿಲೋಮೀಟರ್, 13 ಸುರಂಗ. ದುಬಾರಿ, ಜನಜಂಗುಳಿ, ಆದರೂ ಒಮ್ಮೆ ಹತ್ತಿ. ಸುರಂಗಗಳ ಸಾಲು ಮುಗಿದು ಕಿತ್ತಳೆ ತೋಟ ಕಣ್ಣಿಗೆ ಬೀಳುವ ಗಳಿಗೆಗೆ ದುಡ್ಡು ಕೊಡಬಹುದು. ಕಾರಿನಲ್ಲಿ ಹೋಗುವವರಿಗೆ ರಸ್ತೆ ಸುರಂಗ ಈಗ ಉಚಿತ. ಅಲ್ಲಿಂದ ಮುಂದೆ ಸಾ ಕಾಲೋಬ್ರಾ ರಸ್ತೆ. 1932ರಲ್ಲಿ ಎಂಜಿನಿಯರ್ ಆಂತೋನಿಯೋ ಪಾರಿಯೆತ್ತಿ ಹಾಕಿಸಿದ್ದು, ಒಂದು ಕಡೆ ತನ್ನ ಕೆಳಗೇ ತಾನು ನುಸುಳಿ ಹೋಗುತ್ತದೆ. ಕೆಳಗೆ ತೊರೆಂತ್ ದೆ ಪಾರೇಯ್ಸ್ ಕಮರಿ ಸಮುದ್ರಕ್ಕೆ ಬಾಯಿ ತೆರೆದಿದೆ. ಬೆಳಿಗ್ಗೆ ಬೇಗ ಹೋಗಿ. ತಡವಾದರೆ ತಿರುವಿನಲ್ಲಿ ಟೂರ್ ಬಸ್ ಎದುರು ಬರುತ್ತದೆ, ಹಿಂದಿನ ಸೀಟಿನಲ್ಲಿ ಯಾರಾದರೂ ವಾಂತಿ ಮಾಡುತ್ತಾರೆ, ಅನುಭವದ ಮಾತು.

ಒಂದು ಎಚ್ಚರಿಕೆ. ಒಣಗಿ ಬಿದ್ದಿರುವ ತೊರೆಗಳನ್ನು ನಂಬಬೇಡಿ. ಶರತ್ಕಾಲದಲ್ಲಿ ಬಿಸಿ ಸಮುದ್ರದ ಮೇಲೆ ಮೋಡ ಕಟ್ಟಿ ಕೆಲವೇ ಗಂಟೆಗಳಲ್ಲಿ ಸುರಿದುಬಿಡುತ್ತದೆ. 2018ರ ಅಕ್ಟೋಬರ್ 9ರಂದು ಪೂರ್ವದ ಸಾಂತ್ ಯೊರೆನ್ಸ್ ಭಾಗದಲ್ಲಿ ಹೀಗೇ ತೊರೆ ಉಕ್ಕಿ 13 ಜನ ಸತ್ತರು. ಮಳೆಯ ಮುನ್ಸೂಚನೆ ಇದ್ದ ದಿನ ಕಮರಿಗೆ ಇಳಿಯಬೇಡಿ.

ನಡುವಿನ ಬಯಲಿಗೆ ಬಂದರೆ ಬಾದಾಮಿ, ಅಂಜೂರ, ಗಾಳಿಗಿರಣಿ. ವಿಮಾನ ಇಳಿಯುವಾಗ ಕಿಟಕಿಯಿಂದ ಕಾಣುವ ಮುರುಕಲು ಗಿರಣಿಗಳು ಹಿಟ್ಟು ಬೀಸಲು ಅಲ್ಲ, ನೀರೆತ್ತಲು ಇದ್ದವು. ಎಷ್ಟೊಂದು ಎತ್ತಿದರು ಅಂದರೆ ಅಂತರ್ಜಲ ಕುಸಿದು ಬಾವಿಗೆ ಸಮುದ್ರದ ಉಪ್ಪು ನುಗ್ಗಿತು. ಜೊತೆಗೆ ಹೋಟೆಲುಗಳು. 1990ರ ದಶಕದ ಬರಗಾಲದಲ್ಲಿ ಸ್ಪೇನಿನ ಮುಖ್ಯಭೂಮಿಯಿಂದ ಹಡಗಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ಬೆಂಗಳೂರಿನವರಿಗೆ ಟ್ಯಾಂಕರ್ ಗೊತ್ತು, ಇದು ಸಮುದ್ರದ ಮೇಲೆ ತೇಲಿ ಬಂದ ಟ್ಯಾಂಕರ್. ಈಗ ಕಡಲ ನೀರಿನ ಉಪ್ಪು ತೆಗೆಯುವ ಸ್ಥಾವರಗಳಿವೆ, ಬೆಟ್ಟದ ಮೇಲೆ ಕೂಬೆರ್ ಮತ್ತು ಗೋರ್ಗ್ ಬ್ಲಾವ್ ಅಣೆಕಟ್ಟುಗಳಿವೆ, ಆದರೂ ಎಲ್ಲರೂ ಬಂದು ಇಳಿಯುವುದು ಮಳೆಯೇ ಇಲ್ಲದ ಜುಲೈ, ಆಗಸ್ಟಿನಲ್ಲಿ. 2024ರಲ್ಲಿ ಪಾಲ್ಮಾ ವಿಮಾನ ನಿಲ್ದಾಣ ದಾಟಿದವರು 3.3 ಕೋಟಿ ಪ್ರಯಾಣಿಕರು. ಅದೇ ವರ್ಷ ಜುಲೈನಲ್ಲಿ ಊರಿನವರು ಬೀದಿಗಿಳಿದು ಸಾಕಪ್ಪಾ ಸಾಕು ಅಂದರು. ಮುಖ್ಯ ಸಿಟ್ಟು ಮನೆ ಬಾಡಿಗೆಯ ಬಗ್ಗೆ. ಬಾಡಿಗೆ ಮನೆ ಹುಡುಕಿ ಹೈರಾಣಾದ ನಮಗೆ ಅವರ ಸಿಟ್ಟು ಅರ್ಥವಾಗಬೇಕು. ಹೋಟೆಲಿನಲ್ಲಿ ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಕೇಳಿದರೆ ಮುಖ ಗಂಟು ಹಾಕಬೇಡಿ.

ಬೀಚ್ ಬೇಡ ಅಂದಿಲ್ಲ ನಾನು. ದಕ್ಷಿಣದ ಎಸ್ ತ್ರೆಂಕ್ ಬಿಳಿ ಮರಳು, ಪಕ್ಕದಲ್ಲೇ ಉಪ್ಪಿನ ಮಡಿಗಳು. ಪೂರ್ವದಲ್ಲಿ ಕಲ್ಲಿನ ನಡುವೆ ಸಣ್ಣ ಸಣ್ಣ ಕೊಲ್ಲಿಗಳು. ದಡದಲ್ಲಿ ಕಂದು ಎಲೆಗಳ ರಾಶಿ ಬಿದ್ದಿರುತ್ತದೆ, ನಮ್ಮವರು ಕಸ ಅಂತ ಹೋಟೆಲಿಗೆ ದೂರು ಕೊಡುತ್ತಾರೆ. ಅದು ಪೊಸಿಡೋನಿಯಾ, ಸಮುದ್ರದ ತಳದಲ್ಲಿ ಬೆಳೆಯುವ ಹೂಬಿಡುವ ಸಸ್ಯ. ನೀರನ್ನು ಅಷ್ಟು ತಿಳಿಯಾಗಿ ಇಡುವುದು ಅದೇ, ಉದುರಿದ ಎಲೆಯ ರಾಶಿ ಚಳಿಗಾಲದ ಅಲೆಗೆ ಮರಳು ಕೊಚ್ಚಿಹೋಗದಂತೆ ತಡೆಯುತ್ತದೆ. ಪೊರ್ತೋ ಕ್ರಿಸ್ತೋದ ದ್ರಾಕ್ ಗುಹೆಯಲ್ಲಿ ನೆಲದಡಿಯ ಸರೋವರ ಇದೆ, ಕತ್ತಲಲ್ಲಿ ದೋಣಿಯಲ್ಲಿ ಕೂತು ಸಂಗೀತ ನುಡಿಸುತ್ತಾರೆ. ಅಜ್ಜ ಅಜ್ಜಿ ಊರಿನಿಂದ ಬಂದಿದ್ದರೆ ಕರೆದುಕೊಂಡು ಹೋಗಿ, ಆದರೆ ಮೆಟ್ಟಿಲು ಜಾಸ್ತಿ. ಪಾಲ್ಮಾದ ಕಥೀಡ್ರಲ್ ಎಲ್ಲರೂ ನೋಡುತ್ತೀರಿ, ಒಳಗೆ ಬಾರ್ಸಿಲೋನಾದ ವಾಸ್ತುಶಿಲ್ಪಿ ಗೌಡಿ ಮಾಡಿದ ಬದಲಾವಣೆಗಳನ್ನು ಹುಡುಕಿ ನೋಡಿ. ದ್ವೀಪದ ಉತ್ತರದ ಫೊರ್ಮೆಂತೋರ್ ತುದಿಗೆ ಬೇಸಿಗೆಯಲ್ಲಿ ಹಗಲು ಸ್ವಂತ ಕಾರು ಬಿಡುವುದಿಲ್ಲ, ಬಸ್ಸಿದೆ.

ಊಟ. ಸುರುಳಿ ಸುತ್ತಿದ, ಮೇಲೆ ಸಕ್ಕರೆ ಪುಡಿ ಉದುರಿಸಿದ ಎನ್ಸಾಯ್ಮಾದಾ ಎಲ್ಲ ಬೇಕರಿಯಲ್ಲೂ ಕಣ್ಣು ಹೊಡೆಯುತ್ತದೆ, ವಿಮಾನದಲ್ಲಿ ಎಲ್ಲರ ಕೈಯಲ್ಲೂ ಅದರ ಎಂಟು ಮೂಲೆಯ ಡಬ್ಬಿ. ಸಸ್ಯಾಹಾರಿಗಳೇ, ಅದರ ಪದರಕ್ಕೆ ಹಚ್ಚುವುದು ಹಂದಿಯ ಕೊಬ್ಬು. ಅದಿಲ್ಲದೆ ಅದು ಎನ್ಸಾಯ್ಮಾದಾ ಅಲ್ಲವೇ ಅಲ್ಲ. ನಿಮಗೆ ತುಂಬೆತ್ ಇದೆ: ಬದನೆಕಾಯಿ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ ಬೇರೆ ಬೇರೆ ಹುರಿದು, ಪದರ ಹಾಕಿ, ಮೇಲೆ ಟೊಮ್ಯಾಟೋ ಸಾಸ್ ಸುರಿದದ್ದು. ಪಾ ಆಂಬ್ ಓಲಿ ಅಂದರೆ ರೊಟ್ಟಿಗೆ ಟೊಮ್ಯಾಟೋ ಉಜ್ಜಿ ಆಲಿವ್ ಎಣ್ಣೆ ಹಾಕಿದ್ದು, ಮೇಲೆ ಹ್ಯಾಮ್ ಬೇಡ, ಚೀಸ್ ಸಾಕು ಅನ್ನಿ. ಖಾರ ಇರುವುದಿಲ್ಲ. ಚಟ್ನಿಪುಡಿ ಒಯ್ಯುವವರು ಒಯ್ಯೇ ಒಯ್ಯುತ್ತೀರಿ, ನಾನೇನು ಹೇಳಲಿ.

ಶಾಲೆಗೆ ಹೋಗುವ ಮಕ್ಕಳಿಲ್ಲದವರು ಫೆಬ್ರವರಿಯಲ್ಲಿ ಬಾದಾಮಿ ಹೂ ಬಿಟ್ಟಾಗ ಹೋಗಿ, ಮಕ್ಕಳಿರುವವರು ಈಸ್ಟರ್ ರಜೆಗೆ. ಹೋಗಿ ಬಂದವರು ದೀಪಾವಳಿ ಸಂಚಿಕೆಗೆ ಎರಡು ಪುಟ ಬರೆದು ಕಳಿಸಿ, ಆಗಸ್ಟ್ ಮುಗಿಯುವುದರೊಳಗೆ. ಈಜುಕೊಳದ ಪಕ್ಕ ಕಾಲು ಚಾಚಿದ ಫೋಟೋ ಹಾಕುವುದಿಲ್ಲ. ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿ, ವಾಯ್ಸ್ ಮೆಸೇಜ್ ಕಳಿಸಿದರೆ ಅದನ್ನು ಕೇಳಿ ಕೇಳಿ ಬರೆದುಕೊಳ್ಳುವವಳು ನಾನೇ.