ಹಾಲುಹಲ್ಲು ತಾನೆ ಅಂದಿದ್ದಕ್ಕೆ

ಪುಟ್ಟೀ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಜಗುಲಿಯಲ್ಲೇ ಕೂತಿದ್ದೆ. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳ ಆಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಪಾಪುವಿಗೆ ಎರಡು ದವಡೆಹಲ್ಲು ಹುಳುಕಾಗಿದೆ ಅಂದೆ. "ರಜೆಗೆ ಬಂದಾಗ ರಾತ್ರಿ ಸಕ್ಕರೆ ಹಾಲು ಕುಡಿಸಿ ಹಾಗೇ ಮಲಗಿಸಬೇಡಮ್ಮ" ಅಂದೆ. ನಾನು ಸುಮ್ಮನೆ ಹ್ಞೂಂ ಅನ್ನಬೇಕಿತ್ತು. "ಹಾಲುಹಲ್ಲು ತಾನೆ, ಹೇಗಿದ್ರೂ ಬಿದ್ದುಹೋಗುತ್ತೆ ಬಿಡು" ಅಂದುಬಿಟ್ಟೆ. "ನನ್ನ ಹಲ್ಲಿಗೂ ಹೀಗೇ ಅಂದಿದ್ದೆ ಅಲ್ವಾ?" ಅಂತ ಕೇಳಿ ನೀನು ಫೋನ್ ಇಟ್ಟೆ.

ಹೌದು, ಅಂದಿದ್ದೆ.

ನಿನಗೆ ಆಗ ಒಂಬತ್ತು ವರ್ಷ. ಆ ನೋವಿನ ಕಥೆ ಬೇಡ, ನಿನಗೇ ಗೊತ್ತು. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಹಲ್ಲು ಉಳಿಸೋಕೆ ನೋಡಬಹುದು, ನಾಲ್ಕೈದು ಸಲ ತುಮಕೂರಿಗೆ ಹೋಗಬೇಕಾಗುತ್ತೆ ಅಂದರು ಡಾಕ್ಟರು. ಇನ್ನೂ ಏನೋ ಹೇಳಲು ಹೊರಟಿದ್ದರು. ಹಾಲುಹಲ್ಲು ತಾನೆ, ಕಿತ್ತುಬಿಡಿ ಸಾರ್ ಅಂತ ನಾನೇ ಅಡ್ಡ ಬಾಯಿ ಹಾಕಿದೆ. ಕಿತ್ತ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು. ಮನೆಗೆ ಬಂದು ತೊಳೆದು ನೋಡಿದೆ. ಅದಕ್ಕೂ ಮುಂಚೆ ಬಿದ್ದ ನಿನ್ನ ಹಲ್ಲುಗಳನ್ನೆಲ್ಲ ನಾನು ಕೈಯಲ್ಲಿ ಹಿಡಿದಿದ್ದೆ. ಒಂದಕ್ಕೂ ಬೇರು ಇರಲಿಲ್ಲ, ಕೆಳಗೆ ಟೊಳ್ಳು. ಇದಕ್ಕೆ ಎರಡು ಉದ್ದನೆಯ ಬೇರು, ತುದಿ ಸ್ವಲ್ಪ ಬಾಗಿತ್ತು. ಇದ್ಯಾಕೆ ಹೀಗಿದೆ ಅಂತ ಒಂದು ಗಳಿಗೆ ಅನ್ನಿಸಿತು ಪುಟ್ಟೀ. ನಿಜವಾಗಿಯೂ ಅನ್ನಿಸಿತು. ಆದರೂ ಸೆಗಣಿಯಲ್ಲಿ ಮೆತ್ತಿ ನಿನ್ನ ಕೈಗೆ ಕೊಟ್ಟೆ. ನೀನು ಹೆಂಚಿನ ಮೇಲೆ ಎಸೆದೆ. ಆಮೇಲೆ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದೆ. ಹೊಸದು ಯಾವಾಗ ಬರುತ್ತೆ ಅಂತ ಕೇಳುತ್ತಿದ್ದೆ. ಗೌರಿ ಹಬ್ಬಕ್ಕೆ ಬರುತ್ತೆ ಅಂದೆ. ಆಮೇಲೆ ಸಂಕ್ರಾಂತಿಗೆ ಅಂದೆ. ಆಮೇಲೆ ನೀನೇ ಕೇಳುವುದನ್ನು ಬಿಟ್ಟೆ.

ಈಗಲೂ ನೀನು ಚಕ್ಕುಲಿಯನ್ನು ಒಂದೇ ಪಕ್ಕದಲ್ಲಿ ಅಗಿಯುತ್ತೀಯ. ಊಟಕ್ಕೆ ಕೂತಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತೆ.

ಸೋಮವಾರ ಬೆಳಿಗ್ಗೆ ಇಲ್ಲಿ ತಿಪಟೂರಿನಲ್ಲೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ನನಗೇನೂ ಆಗಿಲ್ಲ, ಕೇಳಿ ತಿಳಿದುಕೊಳ್ಳೋಕೆ. ಆ ಹುಡುಗಿ ಬೇಜಾರಿಲ್ಲದೆ ಎಲ್ಲ ಹೇಳಿದಳು. ಆರನೇ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಒಸಡಿನ ಕೊನೆಯಲ್ಲಿ, ಒಂದು ದವಡೆಹಲ್ಲು ಬರುತ್ತಂತೆ. ಅದು ಹಾಲುಹಲ್ಲಲ್ಲ, ಹೋದರೆ ಮತ್ತೆ ಬರುವುದಿಲ್ಲವಂತೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಎಷ್ಟೋ ಜನ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರಂತೆ. ನಾನೊಬ್ಬಳೇ ಅಲ್ಲ ಅಂತ ಸಮಾಧಾನವೇನೂ ಆಗಲಿಲ್ಲ.

ಪಾಪುವಿಗೆ ಈಗ ಐದೂವರೆ. ಟಾರ್ಚ್ ಹಿಡಿದು ಹಿಂದೆ ನೋಡುತ್ತಿರು. ಆ ಹಲ್ಲಿನ ಮೇಲೆ ಆಳವಾದ ಗೆರೆಗಳಿರುತ್ತವೆ, ತಿಂದದ್ದು ಅಲ್ಲೇ ಕೂರುತ್ತೆ. ಆ ಗೆರೆಗಳನ್ನು ಮುಚ್ಚಿ ಒಂದು ಲೇಪ ಹಾಕುತ್ತಾರಂತೆ, ನಿಮ್ಮ ಡಾಕ್ಟರನ್ನು ಕೇಳು. ಹುಳುಕಾದ ಎರಡನ್ನೂ ಕೀಳಿಸಬೇಡ, ಆದಷ್ಟು ತುಂಬಿಸು. ಅವು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಹೊಸ ಹಲ್ಲಿಗೆ ಜಾಗ ಕಾಯುವುದು ಅವೇ. ರಾತ್ರಿ ಅವನ ಕೈಗೇ ಬ್ರಷ್ ಕೊಟ್ಟು ಬಿಟ್ಟುಬಿಡಬೇಡ. ಏಳೆಂಟು ವರ್ಷದವರೆಗೆ ನೀನೇ ಉಜ್ಜಬೇಕು. ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಕಮ್ಮಿ, ಸಿಹಿ ತೊಳೆದುಹೋಗುವುದಿಲ್ಲ. ಬೆಳಿಗ್ಗೆಗಿಂತ ರಾತ್ರಿ ಉಜ್ಜುವುದೇ ಮುಖ್ಯ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಫ್ಲೋರೈಡ್ ಇರುವುದೇ ಆಗಬೇಕು. ಪಾವಗಡದ ಕಡೆ ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ಕುಡಿದು ಮಕ್ಕಳ ಹಲ್ಲು ಕಂದು ಆಗಿದ್ದನ್ನು ನೋಡಿದವಳು ನಾನು, ಅದಕ್ಕೇ ನನಗೆ ಆ ಹೆಸರಿಗೇ ಭಯ. ಇಷ್ಟು ಹಾಕಿ ಉಗಿಸಿದರೆ ಏನೂ ಆಗಲ್ಲ ಅಂದಳು. ಉಗಿಸು, ಆದರೆ ಆಮೇಲೆ ಲೋಟಗಟ್ಟಲೆ ನೀರಲ್ಲಿ ಮುಕ್ಕಳಿಸಲು ಬಿಡಬೇಡ. ಹಟ ಮಾಡಿದರೆ ಡಾಕ್ಟರ್ ಸೂಜಿ ಚುಚ್ತಾರೆ ಅಂತ ಹೆದರಿಸಲೂಬೇಡ. ನಿನ್ನನ್ನು ಹೆದರಿಸಿದ್ದೆ. ಅದಕ್ಕೇ ಕೆನ್ನೆ ಊದುವವರೆಗೂ ನೀನು ನೋವು ಅಂತ ಬಾಯಿ ಬಿಡಲಿಲ್ಲ.

ನೋಡು, ಇದನ್ನೆಲ್ಲ ಹೇಳಬಾರದು ಅಂದುಕೊಂಡೇ ಬರೆಯಲು ಕೂತಿದ್ದು. ನಿನಗೆ ಗೊತ್ತಿರುವುದೇ ಜಾಸ್ತಿ ಇರುತ್ತೆ. ಇನ್ನೂ ನೋವು ಶುರುವಾಗದ ಮಗುವನ್ನು ನೀನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆಯಲ್ಲ, ನಮ್ಮ ಮನೆಯಲ್ಲಿ ಹಾಗೆ ಮಾಡಿದವಳು ನೀನೇ ಮೊದಲು. ಅವತ್ತು ಫೋನಿನಲ್ಲಿ ಅದನ್ನೇ ಹೇಳಬೇಕಿತ್ತು ನಾನು.

ಬಚ್ಚಲ ಕನ್ನಡಿ ಹತ್ತಿರ ಅವನಿಗೊಂದು ನೀಲಿ ಬ್ರಷ್ ತಂದಿಟ್ಟಿದ್ದೇನೆ. ಕೊಬ್ಬರಿ ಮಿಠಾಯಿ ಮಾಡುತ್ತೇನೆ, ಅದು ಇಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಮಧ್ಯಾಹ್ನ ಊಟದ ಜೊತೆ ಕೊಡುತ್ತೇನೆ, ಆಮೇಲೆ ನೀರು ಕುಡಿಸುತ್ತೇನೆ. ರಾತ್ರಿ ಹಾಲಿಗೆ ಸಕ್ಕರೆ ಇಲ್ಲ. ಹಾಲು ಆದ ಮೇಲೆ ಹಲ್ಲುಜ್ಜಿಯೇ ಕಥೆ ಹೇಳುವುದು.

ಇನ್ನೊಂದು. ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನೀನೂ ಆ ಜಾಗ ತೋರಿಸು. ಅಲ್ಲಿ ಹಲ್ಲು ಕಟ್ಟಿಸೋಕೆ ಆಗುತ್ತಾ ಕೇಳು. ಈ ಸಲದ ಕೊಬ್ಬರಿ ಮಾರಿದ ದುಡ್ಡು ಹಾಗೇ ಇದೆ, ಅದರಿಂದ ನಾನೇ ಕೊಡುತ್ತೇನೆ. ಬೇಡ ಅನ್ನಬೇಡ.

ನಿನ್ನ ಅಮ್ಮ